ಮೈಲೇಜ್ ಎಷ್ಟು ಕೊಡುತ್ತೆ?

ಎಲೆಕ್ಟ್ರಿಕ್ ಸೈಕಲ್ ಕೊಳ್ಳಲು ಹೋದವರು ಬೆಲೆ ವಿಚಾರಿಸಿದ ಮೇಲೆ ಕೇಳುವುದು ಇದನ್ನೇ. ಅಂಗಡಿಯವರು ಐವತ್ತು ಕಿಲೋಮೀಟರ್ ಎನ್ನುತ್ತಾರೆ. ಅದು ಪೂರಾ ಸುಳ್ಳೇನಲ್ಲ. ಆ ಐವತ್ತರಲ್ಲಿ ಹತ್ತಿರಹತ್ತಿರ ಅರ್ಧ ನಮ್ಮ ಕಾಲಿನ ದುಡಿಮೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಸುಮಾರು 280 ವ್ಯಾಟ್-ಅವರ್. ಪೆಡಲ್ ಮುಟ್ಟದೆ, ಥ್ರಾಟಲ್ ತಿರುವಿಕೊಂಡೇ ಮಟ್ಟಸವಾದ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಕಿಲೋಮೀಟರಿಗೆ ಹತ್ತು ವ್ಯಾಟ್-ಅವರ್ ಆಸುಪಾಸು ಖರ್ಚು. ಅಲ್ಲಿಗೆ ಸಿಗುವುದು 28. ಜೊತೆಗೆ ನಾವೂ ತುಳಿದರೆ ಖರ್ಚು ಐದಾರಕ್ಕೆ ಇಳಿಯುತ್ತದೆ, ಐವತ್ತು ಎಟಕುತ್ತದೆ. ಮೈಲೇಜ್ ಎಂಬ ಪೆಟ್ರೋಲ್ ಗಾಡಿಯ ಮಾತನ್ನು ಸೈಕಲ್ಲಿಗೆ ಅಂಟಿಸಿದ್ದೇ ಎಡವಟ್ಟಿನ ಮೂಲ ಎಂದು ನನಗನ್ನಿಸುತ್ತದೆ. ಸ್ಕೂಟರ್ ಸವಾರನ ಕಾಲಿಗೆ ಕೆಲಸವಿಲ್ಲ, ಇಲ್ಲಿ ಇದೆ.

ಮೈಲೇಜ್ ಹೆಚ್ಚಿಸಲು ಬಾಯಿಂದ ಬಾಯಿಗೆ ಹರಿದಾಡುವ ಉಪಾಯಗಳೂ ಹೀಗೇ, ಕಾಳು ಜೊಳ್ಳು ಎಲ್ಲ ಒಂದೇ ಮೊರದಲ್ಲಿ. ಟೈರಿಗೆ ಗಾಳಿ, ಚೈನಿಗೆ ಎಣ್ಣೆ: ಸರಿ, ಮಾತಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ತರುವ ವೇಗದ ಇಳಿಕೆಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. 20ರಿಂದ 25ಕ್ಕೆ ಏರಿದರೆ ಗಾಳಿಯ ತಡೆ ಅರ್ಧಕ್ಕಿಂತ ಹೆಚ್ಚು ಏರುತ್ತದೆ. 25ರ ಮಿತಿಯನ್ನು ಕಾನೂನು ಹಾಕಿದೆ ಎಂದು ಗೊಣಗುವವರಿದ್ದಾರೆ. ಲೈಸೆನ್ಸ್, ನೋಂದಣಿಯ ಗೋಜಿಲ್ಲದೆ ಓಡಿಸುವ ಸುಖ ಆ ಮಿತಿಯಿಂದಲೇ ಸಿಕ್ಕಿದ್ದು. ಬ್ಯಾಟರಿಗೂ ಅದು ಉಪಕಾರವೇ.

ಇನ್ನು ನಿಂತು ಹೊರಡುವುದು. ಸವಾರ, ಸೈಕಲ್ ಸೇರಿ ನೂರು ಕೆ.ಜಿ. ಎನ್ನೋಣ. ಪ್ರತಿ ಸಿಗ್ನಲ್‌ನಿಂದ 25ರ ವೇಗಕ್ಕೆ ಎಳೆಯಲು, ಮೋಟರಿನ ನಷ್ಟವೂ ಸೇರಿ, ಒಂದು ವ್ಯಾಟ್-ಅವರ್ ಹೋಗುತ್ತದೆ. ಬೆಂಗಳೂರಿನಲ್ಲಿ ಮೂವತ್ತು ಸಲ ನಿಂತು ಹೊರಟರೆ ಬ್ಯಾಟರಿಯ ಹತ್ತನೇ ಒಂದು ಪಾಲು ಅಲ್ಲೇ ಸೋರಿಹೋಯಿತು. ಮೊದಲ ನಾಲ್ಕು ತುಳಿತ ಕಾಲಿನದಾದರೆ ಇದರಲ್ಲಿ ಒಂದಿಷ್ಟು ಉಳಿಯುತ್ತದೆ. ಏರು ಇದಕ್ಕಿಂತ ದುಬಾರಿ. ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೆ ಸುಮಾರು 300 ಮೀಟರ್ ಎತ್ತರ. ಮೋಟರ್ ಒಂದನ್ನೇ ನಂಬಿ ಹತ್ತಿದರೆ ಬ್ಯಾಟರಿಯ ಮೂರನೇ ಒಂದಕ್ಕೂ ಹೆಚ್ಚು ಖಾಲಿ. ಇಳಿಯುವಾಗ ಅದು ವಾಪಸ್ ಬರುತ್ತದೆ ಎಂದುಕೊಳ್ಳಬೇಡಿ, ನಮ್ಮ ಬಹುತೇಕ ಸೈಕಲ್‌ಗಳಿಗೆ ಆ ಏರ್ಪಾಡೇ ಇಲ್ಲ.

ನನಗೆ ಹೆಚ್ಚು ಕಿರಿಕಿರಿ ಮಾಡುವುದು ‘ಶೇ 80ಕ್ಕಿಂತ ಹೆಚ್ಚು ಚಾರ್ಜ್ ಮಾಡಬೇಡಿ’ ಎಂಬ ಬುದ್ಧಿಮಾತು. ಅದು ಬ್ಯಾಟರಿಯ ಆಯುಸ್ಸಿಗೆ ಒಳ್ಳೆಯದು, ಇವತ್ತಿನ ದೂರಕ್ಕಲ್ಲ. ಇವತ್ತು ಅದರಿಂದ ಐದರಲ್ಲೊಂದು ಪಾಲು ನಷ್ಟ. ದಿನಕ್ಕೆ ಹತ್ತು ಕಿ.ಮೀ. ಓಡಾಡುವವರು ಹಾಗೇ ಮಾಡಲಿ. ದೂರ ಹೋಗುವ ದಿನ ತುಂಬಿಸಿಕೊಂಡೇ ಹೊರಡಿ. ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಬಿಡುವುದು, ಬಿಸಿಲಿನಲ್ಲಿ ಸೈಕಲ್ ನಿಲ್ಲಿಸುವುದು, ಇವೆರಡೂ ನಿಜವಾದ ಕೇಡು.

ಮುಂದಿನ ಸಲ ಅಂಗಡಿಗೆ ಹೋದಾಗ ಮೈಲೇಜ್ ಕೇಳಬೇಡಿ. ಬ್ಯಾಟರಿ ಎಷ್ಟು ವ್ಯಾಟ್-ಅವರ್, ತುಳಿಯದೆ ಎಷ್ಟು ದೂರ ಹೋಗುತ್ತೆ ಎಂದು ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಅಂಗಡಿ ನೋಡಿ.