ಕೆಸರಿನ ಹದ ಬಲ್ಲವರ ಓಟ

ಮಳೆಗಾಲದ ಮೌಂಟನ್ ಬೈಕ್ (ಎಂಟಿಬಿ) ರೇಸಿಗೆ ಹೆಸರು ಕೊಟ್ಟ ಮೇಲೆ ನಮ್ಮ ಕ್ಲಬ್ಬಿನಲ್ಲಿ ಮೊದಲು ನಡೆಯುವುದು ಮಣ್ಣಿನ ವಿಚಾರಣೆ. ಎಷ್ಟು ಕಿಲೋಮೀಟರ್, ಏರು ಎಷ್ಟು, ಎದುರಾಳಿ ಯಾರು ಎಂಬುದೆಲ್ಲ ಆಮೇಲಿನ ಮಾತು. ಅಲ್ಲಿನ ನೆಲ ಎಂಥದು, ಹೋದ ವಾರ ಮಳೆ ಹೇಗೆ ಹೊಡೆದಿದೆ, ಅರ್ಧ ದಿನ ಹೊಳವಾದರೆ ನೀರು ಇಂಗುತ್ತದೋ ನಿಲ್ಲುತ್ತದೋ ಎಂದು ಆ ಊರಿನವರಿಗೆ ಫೋನ್ ಮಾಡಿ ಕೇಳುತ್ತೇವೆ. ಕಾಲಿನ ಬಲವೊಂದರಿಂದಲೇ ಗೆಲ್ಲಬಹುದಾದ ಓಟಗಳು ಬೇಸಿಗೆಯಲ್ಲಿ ಬೇಕಾದಷ್ಟಿವೆ. ಕೆಸರಿನ ಓಟ ಮಣ್ಣನ್ನು ಅರಿತವರಿಗೆ ಒಲಿಯುತ್ತದೆ. ಆ ಅರಿವು ಒಬ್ಬರ ತಲೆಗೆ ಪೂರ್ತಿ ದಕ್ಕುವಂಥದ್ದಲ್ಲ. ಅದಕ್ಕೆ ಜೊತೆಯವರು ಬೇಕು.

ನಮ್ಮ ನಾಡಿನಲ್ಲಿ ಕೆಸರು ಒಂದೇ ಬಗೆಯದಲ್ಲ. ಬೆಂಗಳೂರು, ಕೋಲಾರ, ತುಮಕೂರಿನ ಕಡೆಯ ಕೆಂಪು ಮಣ್ಣಿನಲ್ಲಿ ಮರಳು ಬೆರೆತಿರುತ್ತದೆ. ನೀರು ಬೇಗ ಇಂಗುತ್ತದೆ, ಚಕ್ರಕ್ಕೆ ಹಿಡಿತವೂ ಸಿಗುತ್ತದೆ. ಆದರೆ ಆ ಮರಳು ಚೈನನ್ನೂ ಬ್ರೇಕ್ ಪ್ಯಾಡನ್ನೂ ಸವೆಸಿಹಾಕುತ್ತದೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಸಾಲುಸಾಲಾಗಿ ಬಂದಿದ್ದಾರೆ. ಅಂಥ ಸೀಮೆಯಲ್ಲೂ ಅಲ್ಲಿನ ಕಪ್ಪು ಎರೆ ಮಣ್ಣು ನೆನೆದ ದಿನ ಹೊಲದ ದಾರಿಗೆ ಸೈಕಲ್ ಇಳಿಸುವವರು ಸಿಗುವುದು ಕಷ್ಟ. ನೀರು ಕುಡಿದು ಉಬ್ಬುವ ಜೇಡಿ ಅದು. ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿಗೂ ಫೋರ್ಕಿಗೂ ನಡುವಿನ ಸಂದು ತುಂಬಿ ಗಾಲಿ ಕಚ್ಚಿಕೊಳ್ಳುತ್ತದೆ. ತಳ್ಳಿಕೊಂಡು ಹೋದರೂ ಮೆತ್ತುವುದು ತಪ್ಪುವುದಿಲ್ಲ. ಹೆಗಲಿಗೇರಿಸಿ ನಡೆಯುವುದೊಂದೇ ದಾರಿ.

ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಒಂದೇ ಸುತ್ತಿನೊಳಗೆ ಎರಡು ಬಗೆಯ ಕೆಸರು ಎದುರಾಗುತ್ತದೆ. ಜೀಪ್ ಓಡಾಡುವ ದಾರಿಯಲ್ಲಿ ಗಟ್ಟಿ ನೆಲದ ಮೇಲೆ ತೆಳ್ಳಗೆ ಒಂದು ಪದರ ರೊಚ್ಚೆ. ಕಣ್ಣಿಗೆ ಭದ್ರವಾಗಿ ಕಾಣುತ್ತದೆ, ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ಪಕ್ಕಕ್ಕೆ ಬರುತ್ತದೆ. ಮರದ ನೆರಳಿನ ಒಳದಾರಿಯಲ್ಲಿ ಕೊಳೆತ ಎಲೆಯ ಕಪ್ಪು ಗೋಡು. ಅದು ಮೆತ್ತಗಿರುತ್ತದೆ, ಬಿದ್ದರೂ ಪೆಟ್ಟಾಗದು. ಆದರೆ ಅದರಡಿಯಲ್ಲಿ ಸಿಲ್ವರ್ ಓಕಿನ ಬೇರುಗಳು ಅಡಗಿರುತ್ತವೆ.

ಟೈರಿನ ಆಯ್ಕೆ ಈ ವಿಚಾರಣೆಯ ಮೇಲೆ ನಿಂತಿದೆ. ಕೆಸರಿಗೆ ಅಗಲದ ಟೈರೇ ಸರಿ ಎಂದು ಹೊಸಬರು ನಂಬಿರುತ್ತಾರೆ. ಆಳದ ಕೆಸರಿನಲ್ಲಿ ಅಗಲದ ಟೈರು ಮೇಲೆಯೇ ತೇಲಿ ಜಾರುತ್ತದೆ. ತುಸು ಕಿರಿದಾದ, ಬಟನ್‌ಗಳು ಎತ್ತರವಾಗಿ ದೂರದೂರ ಇರುವ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಮೆತ್ತಿದ ಮಣ್ಣನ್ನು ತಿರುಗುತ್ತಲೇ ಉದುರಿಸುತ್ತದೆ. 29 ಇಂಚಿನ ಚಕ್ರಕ್ಕೆ ಬೇಸಿಗೆಯಲ್ಲಿ 2.4 ಇಂಚಿನ ಟೈರು ಹಾಕುವವರು ಮಳೆಗಾಲದಲ್ಲಿ 2.2ಕ್ಕೆ ಇಳಿಯಬಹುದು. ಗಾಳಿಯ ಲೆಕ್ಕ ಇನ್ನೂ ಮುಖ್ಯ. 70 ಕಿಲೋ ತೂಗುವ ಸವಾರರಿಗೆ ಟ್ಯೂಬ್‌ಲೆಸ್ ಟೈರಿನಲ್ಲಿ 18ರಿಂದ 22 ಪಿಎಸ್‌ಐ ಸಾಕು. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಒಂದೆರಡು ಕಡಿಮೆ. ಒಳಗೆ ಟ್ಯೂಬ್ ಇದ್ದರೆ ಇಷ್ಟು ಕಡಿಮೆ ಗಾಳಿಯಲ್ಲಿ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಚರಾಗುತ್ತದೆ. ಪಂಚರು ಮುಚ್ಚುವ ಸೀಲಂಟ್ ನಮ್ಮ ಸೆಕೆಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಓಟಕ್ಕೆ ವಾರ ಮೊದಲು ಟೈರು ಬಿಚ್ಚಿ ನೋಡಿ.

ಬ್ರೇಕಿಗೆ ಬಂದರೆ, ಮರಳು ಬೆರೆತ ಕೆಸರಿನಲ್ಲಿ ರೆಸಿನ್ ಪ್ಯಾಡ್ ಒಂದೇ ಓಟದಲ್ಲಿ ತಗಡಿನವರೆಗೆ ಸವೆಯುವುದುಂಟು. ಸಿಂಟರ್ಡ್ ಲೋಹದ ಪ್ಯಾಡ್ ಸದ್ದು ಹೆಚ್ಚು ಮಾಡಿದರೂ ಬಾಳಿಕೆ ಬರುತ್ತದೆ. ಚೈನಿಗೆ ಮಳೆಗಾಲದ ಮಂದ ಎಣ್ಣೆಯೇ ಆಗಬೇಕು. ಬೇಸಿಗೆಯ ತೆಳು ಎಣ್ಣೆ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಹಲಸಿನ ಹಣ್ಣು ಬಿಡಿಸುವ ಮುನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ಹಾಗೆ, ಫ್ರೇಮಿನ ಅಡಿಭಾಗಕ್ಕೂ ಪೆಡಲಿಗೂ ಸಿಲಿಕೋನ್ ಸ್ಪ್ರೇ ಹಚ್ಚಿದರೆ ಮಣ್ಣು ನಿಲ್ಲದೆ ಜಾರುತ್ತದೆ. ಬ್ರೇಕ್ ಡಿಸ್ಕಿಗೆ ಮಾತ್ರ ಅದರ ಒಂದು ಹನಿಯೂ ತಾಗಬಾರದು. ಸ್ಪ್ರೇ ಮಾಡುವಾಗ ಡಿಸ್ಕಿಗೆ ಬಟ್ಟೆ ಸುತ್ತುವುದು ನಮ್ಮಲ್ಲಿ ಕಟ್ಟುನಿಟ್ಟು.

ಕೆಸರಿನ ರೇಸಿನಲ್ಲಿ ಹೆಚ್ಚು ಜನರನ್ನು ದಾರಿ ಬದಿಯಲ್ಲಿ ಕೂರಿಸುವುದು ಬೆರಳುದ್ದದ ಒಂದು ಅಲ್ಯೂಮಿನಿಯಂ ತುಂಡು. ಹಿಂದಿನ ಗೇರನ್ನು ಫ್ರೇಮಿಗೆ ಕಟ್ಟುವ ಅದನ್ನು ಹ್ಯಾಂಗರ್ ಅನ್ನುತ್ತಾರೆ. ಕೆಸರಿನ ಜೊತೆ ಹುಲ್ಲು, ಬಳ್ಳಿ ಎದ್ದು ಗೇರಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ಮೊದಲು ಚೈನು ಕಿರುಗುಟ್ಟುತ್ತದೆ, ಪೆಡಲು ಬಿಗಿಯಾಗುತ್ತದೆ. ಆ ಗಳಿಗೆಯಲ್ಲಿ ಇಳಿದು, ಬೆರಳಿನಿಂದ ಹುಲ್ಲು ಕಿತ್ತು, ಬಾಟಲಿಯ ನೀರು ಹೊಯ್ದು ಮುಂದುವರಿದರೆ ಅರ್ಧ ನಿಮಿಷ ನಷ್ಟ. ಬಿಗಿಯಾಯಿತೆಂದು ಇನ್ನೂ ಜೋರಾಗಿ ತುಳಿದರೆ ಹ್ಯಾಂಗರ್ ಮುರಿದು ಗೇರು ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ. ಫ್ರೇಮು ಉಳಿಯಲೆಂದು ತಾನು ಮುರಿಯುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಒಂದು ಸೈಕಲ್ಲಿನ ಹ್ಯಾಂಗರ್ ಇನ್ನೊಂದಕ್ಕೆ ಹೊಂದುವುದು ಅಪರೂಪ, ಆದ್ದರಿಂದ ಕ್ಲಬ್ಬಿನ ಪೆಟ್ಟಿಗೆಯಲ್ಲಿ ಪ್ರತಿಯೊಬ್ಬರ ಹೆಸರು ಬರೆದ ಪೊಟ್ಟಣದಲ್ಲಿ ಒಂದೊಂದು ಇರಬೇಕು.

ಹಿಂದಿನ ಸಂಜೆ ಎಲ್ಲರೂ ಸೇರಿ ಸುತ್ತು ನಡೆದು ನೋಡುವುದು ತಯಾರಿಯ ಅತಿ ಮುಖ್ಯ ಭಾಗ. ಸೈಕಲ್ ಮೇಲೆ ಹೋದರೆ ಕಾಣದ್ದು ನಡೆದರೆ ಕಾಣುತ್ತದೆ. ಹಳ್ಳ ದಾಟುವ ಕಡೆ ಒಬ್ಬರು ಕೋಲು ಇಳಿಸಿ ಆಳ ನೋಡುತ್ತಾರೆ, ಒಬ್ಬರು ಇಳಿಜಾರಿನ ಬೇರುಗಳ ಮೇಲಿನ ಎಲೆ ಸರಿಸಿ ಯಾವುದು ಅಡ್ಡ, ಯಾವುದು ಓರೆ ಎಂದು ತೋರಿಸುತ್ತಾರೆ. ಅಡ್ಡ ಬಿದ್ದ ಬೇರನ್ನು ನೇರವಾಗಿ, ಬ್ರೇಕ್ ಬಿಟ್ಟು ದಾಟಬಹುದು. ಓರೆ ಬೇರು ಮುಂದಿನ ಚಕ್ರವನ್ನು ತನ್ನ ದಾರಿಗೆ ಎಳೆದುಕೊಳ್ಳುತ್ತದೆ. ಅದರ ಹತ್ತಿರ ಹ್ಯಾಂಡಲ್ ಹಗುರ ಮಾಡಿ ಚಕ್ರ ಎತ್ತಿ ಹಾಕಬೇಕು. ಎಲ್ಲಿ ಇಳಿದು ಓಡುವುದು ಲಾಭ ಎಂಬ ತೀರ್ಮಾನವೂ ಅಲ್ಲೇ ಆಗುತ್ತದೆ. ಇಂಬಳಗಳು ಕಾಲುಚೀಲ ಹತ್ತುವ ಹೊತ್ತು ಅದು, ಉಪ್ಪಿನ ಗಂಟು ಯಾರದಾದರೂ ಜೇಬಿನಲ್ಲಿ ಇದ್ದೇ ಇರುತ್ತದೆ. ಬೆಳಿಗ್ಗೆ ಓಡದಿರುವವರು ಯಾವ ತಿರುವಿನಲ್ಲಿ ನಿಲ್ಲಬೇಕೆಂದೂ ಆಗಲೇ ಹಂಚಿಕೊಳ್ಳುತ್ತೇವೆ.

ಓಟ ಶುರುವಾದ ಮೇಲೆ ಮಣ್ಣು ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ಕೆಸರಿನ ರೇಸಿನ ನಿಜವಾದ ಸೊಗಸು ಇರುವುದು ಇಲ್ಲಿ. ಮೊದಲ ಸುತ್ತಿನಲ್ಲಿ ಚೆನ್ನಾಗಿದ್ದ ಎಡಬದಿಯನ್ನು ನೂರಾರು ಚಕ್ರಗಳು ಉತ್ತುಹಾಕಿರುತ್ತವೆ. ಎರಡನೆಯ ಸುತ್ತಿನಲ್ಲಿ ಬಲಬದಿಯ ಹುಲ್ಲಿನ ಅಂಚೇ ಗಟ್ಟಿ. ಮಳೆ ಧೋ ಎಂದು ಸುರಿಯುತ್ತಿದ್ದರೆ ಒಳ್ಳೆಯದು. ಮಣ್ಣು ನೀರಾಗಿ ಚಕ್ರದಿಂದ ತಾನೇ ತೊಳೆದುಹೋಗುತ್ತದೆ. ಮಳೆ ನಿಂತು ಬಿಸಿಲು ಇಣುಕಿದ ಮೇಲಿನ ಮಣ್ಣೇ ಕಷ್ಟದ್ದು. ಅದು ಅರೆ ಒಣಗಿ ಜಿಗುಟಾಗುತ್ತದೆ, ಸೈಕಲ್ಲಿನ ತೂಕಕ್ಕೆ ಕಿಲೋಗಟ್ಟಲೆ ಸೇರುತ್ತದೆ. ಏರಿನಲ್ಲಿ ಸೀಟು ಬಿಟ್ಟು ಎದ್ದರೆ ಹಿಂದಿನ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ. ಕೂತು, ಹಗುರ ಗೇರಿನಲ್ಲಿ, ಒಂದೇ ಸಮನೆ ತುಳಿಯಬೇಕು. ಇಳಿಜಾರಿನಲ್ಲಿ ವೇಗ ತಗ್ಗಿಸುವುದು ತಿರುವಿಗೆ ಮುನ್ನ, ತಿರುವಿನಲ್ಲಲ್ಲ. ಕಣ್ಣು ಮುಂದಿನ ಚಕ್ರದ ಮೇಲೆ ಇರದೆ ಹತ್ತು ಮೀಟರ್ ಆಚೆ ಇರಬೇಕು.

ಇಷ್ಟೆಲ್ಲ ಗೊತ್ತಿದ್ದರೂ ಉಸಿರು ಕಟ್ಟಿದಾಗ ತಲೆ ಓಡುವುದಿಲ್ಲ. ಆಗ ತಿರುವಿನಲ್ಲಿ ನಿಂತವರ ದನಿ ಬೇಕು. "ಅಣ್ಣಾ, ಬಲಕ್ಕೆ ಹಿಡಿ, ಹುಲ್ಲಿನ ಮೇಲೆ ಬಾ! ಬ್ರೇಕ್ ಬಿಡು ಮಾರಾಯ!" ಎಂಬ ಒಂದು ಕೂಗು ಎಷ್ಟೋ ದಿನದ ಅಭ್ಯಾಸವನ್ನು ಕಾಲಿಗೆ ನೆನಪಿಸುತ್ತದೆ. ಹಿಂದಿನ ಸುತ್ತಿನಲ್ಲಿ ಮುಂದೆ ಹೋದವರು ಎಲ್ಲಿ ಜಾರಿದರೆಂದು ಕಂಡವರು ಅವರು. ಸವಾರನಿಗೆ ಒಂದು ಸುತ್ತು ಕಾಣುತ್ತದೆ, ತಿರುವಿನಲ್ಲಿ ನಿಂತವರಿಗೆ ಇಡೀ ಓಟ ಕಾಣುತ್ತದೆ.

ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಚಳಿಗಾಲದ ಸೈಕ್ಲೋಕ್ರಾಸ್ ಈ ಕಲೆಯನ್ನು ಎತ್ತರಕ್ಕೆ ಒಯ್ದಿದೆ. ಅಲ್ಲಿ ಟೈರು 33 ಮಿಲಿಮೀಟರ್ ಮೀರುವಂತಿಲ್ಲ, ಓಟ ಸುಮಾರು ಒಂದು ಗಂಟೆಯದು. ಕೆಸರು ಮೆತ್ತಿದ ಸೈಕಲ್ಲನ್ನು ಪಿಟ್‌ನಲ್ಲಿ ಕೊಟ್ಟು ತೊಳೆದದ್ದನ್ನು ಹತ್ತಿ ಹೋಗುವುದು ನಿಯಮದೊಳಗಿನ ಮಾತು. ಸವಾರ ಅರ್ಧ ಸುತ್ತು ಹೋಗಿ ಬರುವಷ್ಟರಲ್ಲಿ ಸಹಾಯಕರು ಇನ್ನೊಂದನ್ನು ತೊಳೆದು, ಎಣ್ಣೆ ಬಿಟ್ಟು ಸಿದ್ಧ ಮಾಡಿರುತ್ತಾರೆ. 1966ರಿಂದ 1973ರ ನಡುವೆ ಏಳು ಬಾರಿ ವಿಶ್ವ ಚಾಂಪಿಯನ್ ಆದ ಎರಿಕ್ ಡಿ ವ್ಲಾಮಿಂಕ್ ಅವರ ದಾಖಲೆಯನ್ನು 2025ರಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್ ಸರಿಗಟ್ಟಿದಾಗ, ಅವರ ಪಿಟ್‌ನಲ್ಲಿ ನಿಂತು ಸೈಕಲ್ ತೊಳೆದವರ ಪಾಲೂ ಅದರಲ್ಲಿತ್ತು.

ಎಂಟಿಬಿಯಲ್ಲಿ ಸೈಕಲ್ ಬದಲಿಸುವ ಅವಕಾಶವಿಲ್ಲ, ಹತ್ತಿದ್ದರಲ್ಲೇ ಮುಗಿಸಬೇಕು. ಹಾಗಾಗಿ ಮಣ್ಣು ಅರಿತವರ ಕೈ ಇಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ಓಟ 2021ರ ಜುಲೈ 27ರಂದು ಇಜು ಎಂಬಲ್ಲಿ ನಡೆಯಿತು. ಮಳೆ ಬಿದ್ದು ಒಣ ದಾರಿಯೆಲ್ಲ ಜಾರುಬಂಡೆಯಾಗಿತ್ತು. ಒಂದೂವರೆ ತಿಂಗಳ ಹಿಂದಷ್ಟೇ ಕೈಮೂಳೆ ಮುರಿದುಕೊಂಡಿದ್ದ ಯೊಲಾಂಡಾ ನೆಫ್ ಚಿನ್ನ ಗೆದ್ದರು. ಬೆಳ್ಳಿಯೂ ಕಂಚೂ ಅವರದೇ ಸ್ವಿಟ್ಜರ್ಲೆಂಡಿನ ಸೀನಾ ಫ್ರೈ, ಲಿಂಡಾ ಇಂಡರ್‌ಗಾಂಡ್ ಅವರ ಪಾಲಾದವು. ಉಳಿದವರು ಬ್ರೇಕಿನ ಮೇಲೆ ಬೆರಳಿಟ್ಟು ಇಳಿದ ಜಾಗಗಳಲ್ಲಿ ನೆಫ್ ಚಕ್ರವನ್ನು ಅದರ ಪಾಡಿಗೆ ಹರಿಯಬಿಟ್ಟ ರೀತಿಯನ್ನು ಹೊಸಬರು ವಿಡಿಯೊ ಹಾಕಿಕೊಂಡು ನೋಡಬೇಕು.

ಓಟ ಮುಗಿದ ಮೇಲಿನ ಕೆಲಸವೂ ಕ್ಲಬ್ಬಿನದೇ. ಪ್ರೆಷರ್ ವಾಷರ್ ಇದ್ದರೆ ಹಬ್ಬಿಗೂ ಹೆಡ್‌ಸೆಟ್ಟಿಗೂ ನೇರ ಹಿಡಿಯಬೇಡಿ, ಬೇರಿಂಗಿನ ಗ್ರೀಸ್ ಹೋಗಿ ಮಣ್ಣು ಒಳಸೇರುತ್ತದೆ. ಬಕೆಟ್ಟು, ಬ್ರಷ್ಷು ಸಾಕು. ಸೈಕಲ್ಲಿಗಿಂತ ಮೊದಲು ಗಾಯ ತೊಳೆಯಿರಿ. ತೋಟದ ನೀರಿನಲ್ಲಿ ಸಗಣಿಯೂ ಇರುತ್ತದೆ, ಇಲಿ ಜ್ವರದ ರೋಗಾಣುವೂ ಇರಬಹುದು. ತರಚು ಗಾಯವೇ ಅದಕ್ಕೆ ಬಾಗಿಲು. ಬಾಟಲಿಯ ಮೂತಿಗೆ ಮುಚ್ಚಳ ಇರಲಿ. ಎರಡು ವಾರದೊಳಗೆ ಜ್ವರ ಬಂದರೆ ಕೆಸರಿನಲ್ಲಿ ಓಡಿದ್ದನ್ನು ವೈದ್ಯರಿಗೆ ಹೇಳಿ.

ದಾರಿ ಕೊಟ್ಟವರ ಋಣವೂ ಇದೆ. ಹೊಂಡ ಕಂಡರೆ ಸುತ್ತು ಬಳಸದೆ ನಡುವೆಯೇ ಹೋಗಬೇಕು. ಎಲ್ಲರೂ ಬದಿಗೆ ಹೋದರೆ ಎರಡು ಅಡಿಯ ಕಾಲುದಾರಿ ಒಂದೇ ಮಳೆಗಾಲದಲ್ಲಿ ಹತ್ತು ಅಡಿಯಾಗುತ್ತದೆ, ಕಾಫಿ ಗಿಡದ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ತೋಟದವರು ಮುಂದಿನ ವರ್ಷವೂ ಗೇಟು ತೆರೆಯಬೇಕಾದರೆ ನಮ್ಮ ಚಕ್ರದ ಗುರುತು ಒಂದೇ ಗೆರೆಯಲ್ಲಿ ಇರಬೇಕು.

ಬೇಸಿಗೆಯ ರೇಸಿನಲ್ಲಿ ಕ್ಲಬ್ಬಿನ ಬೆಲೆಯನ್ನು ಅದರ ಅತಿ ವೇಗದ ಸವಾರರಿಂದ ಅಳೆಯುತ್ತಾರೆ. ಕೆಸರಿನ ರೇಸಿನಲ್ಲಿ ಕೇಳಬೇಕಾದ್ದು, ಹೊರಟವರಲ್ಲಿ ಎಷ್ಟು ಮಂದಿ ಮುಗಿಸಿದರು ಎಂದು. ಪೊಟ್ಟಣದಲ್ಲಿ ಹ್ಯಾಂಗರ್ ಇಟ್ಟವರು, ಕೋಲು ಇಳಿಸಿ ಹಳ್ಳದ ಆಳ ನೋಡಿದವರು, ತಿರುವಿನಲ್ಲಿ ನೆನೆಯುತ್ತ ನಿಂತು ಕೂಗಿದವರು, ಇವರೆಲ್ಲರ ದುಡಿಮೆ ಆ ಒಂದು ಸಂಖ್ಯೆಯಲ್ಲಿದೆ. ಈ ಮಳೆಗಾಲ ಕ್ಲಬ್ ಸೇರಬೇಕೆಂದಿರುವ ಎಳೆಯರು ಪದಕಗಳ ಪಟ್ಟಿ ಕೇಳುವ ಮುನ್ನ ಆ ಸಂಖ್ಯೆ ಕೇಳಲಿ.