ತೂಕವೂ ರೂಪವೂ: ಶರ್ಕರಾನಿರ್ಣಯದ ವಿಮರ್ಶೆ

ಪ್ರೋಟೀನುಗಳಿಗೆ ಅಂಟಿರುವ ಶರ್ಕರಾಸರಗಳ ಸ್ವರೂಪವನ್ನು ಮಾಸ್ ಸ್ಪೆಕ್ಟ್ರೋಮೀಟರೆಂಬ ಯಂತ್ರದಿಂದ ನಿರ್ಣಯಿಸುವ ಪದ್ಧತಿಯು ಬಹುವಾಗಿ ಬೆಳೆದಿರುತ್ತದೆ. ದೊಡ್ಡ ಅಣುಗಳನ್ನು ಮುರಿಯದೆ ವಿದ್ಯುದಾವಿಷ್ಟವಾಗಿಸುವ ಉಪಾಯಗಳಿಗಾಗಿ ಫೆನ್, ತನಾಕಾ ಎಂಬ ವಿದ್ವಾಂಸರಿಗೆ 2002ರಲ್ಲಿ ನೊಬೆಲ್ ಬಹುಮಾನದ ಪಾಲು ಸಂದಿತು. ಪದ್ಧತಿಯ ಉಪಕಾರವು ನಿರ್ವಿವಾದವು. ಆದರೆ ಯಂತ್ರವು ತೋರಿಸುವುದಾವುದು, ಶೋಧಕರು ಊಹಿಸುವುದಾವುದು ಎಂಬ ವಿವೇಕವು ಹಲವು ಲೇಖನಗಳಲ್ಲಿ ಕಾಣದು.

ಯಂತ್ರವು ಅಳೆಯುವುದು ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತವನ್ನು ಮಾತ್ರ. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಈ ಮೂರೂ ಸರದಲ್ಲಿ ಸೇರಿದಾಗ 162.05 ಡಾಲ್ಟನ್ನೇ ತೂಗುವುವು. ಮೂರಕ್ಕೂ ಸಾಧಾರಣವಾದ ಹೇತುವಿನಿಂದ ಒಂದನ್ನು ಸಾಧಿಸಹೊರಟರೆ ಅದು ನೈಯಾಯಿಕರು ಹೇಳುವ ಸವ್ಯಭಿಚಾರವೇ ಸರಿ. ಸಿಯಾಲಿಕ್ ಆಮ್ಲವು ಗ್ಯಾಲಕ್ಟೋಸಿನ ಮೂರನೆಯ ಕಾರ್ಬನ್ನಿಗೆ ಕೂಡಿದರೂ ಆರನೆಯದಕ್ಕೆ ಕೂಡಿದರೂ ತೂಕವೊಂದೇ; ಫಲವು ಬೇರೆ. ಹಕ್ಕಿಗಳ ಇನ್‌ಫ್ಲುಯೆಂಜಾ ವೈರಸ್ಸುಗಳು ಸಾಮಾನ್ಯವಾಗಿ ಮೊದಲನೆಯ ಬಂಧವನ್ನೂ ಮನುಷ್ಯರವು ಎರಡನೆಯದನ್ನೂ ಆಶ್ರಯಿಸುವುವು.

ಸರವನ್ನು ಒಡೆದು ತುಣುಕುಗಳನ್ನು ತೂಗಿದರೆ ಸಂಶಯವು ಕಳೆಯುವುದೆಂದು ಸಮಾಧಾನ ಹೇಳಬಹುದು. ಅದು ಭಾಗಶಃ ಸತ್ಯ. ಆದರೆ ಒಡೆಯುವಾಗ ಫ್ಯೂಕೋಸೆಂಬ ಸಕ್ಕರೆಯು ತನ್ನ ಸ್ಥಾನವನ್ನು ಬಿಟ್ಟು ನೆರೆಯ ಘಟಕಕ್ಕೆ ಹೋಗಿ ಸೇರುವುದುಂಟು; ಆಗ ತುಣುಕೇ ಸುಳ್ಳುಸಾಕ್ಷಿಯಾಗುತ್ತದೆ. ಜೀವಕೋಶವು ಸರಗಳನ್ನು ಕಟ್ಟುವ ಕ್ರಮದಿಂದ ರೂಪವನ್ನು ಊಹಿಸುವುದು ಯುಕ್ತವೇ. ಆದರೆ ಅದು ಅನುಮಾನವೆಂದು ಹೇಳಿಯೇ ಬರೆಯಬೇಕು. ನಿರ್ದಿಷ್ಟ ಬಂಧವನ್ನು ಮಾತ್ರ ಕತ್ತರಿಸುವ ಎಂಜೈಮುಗಳು, ಕ್ರೊಮಟೋಗ್ರಫಿ, ಅನಿಲದಲ್ಲಿ ಅಯಾನುಗಳ ಚಲನವೇಗ ಇವುಗಳ ಸಾಕ್ಷ್ಯವಿಲ್ಲದೆಡೆ ಘಟಕಗಳ ಎಣಿಕೆಯನ್ನಷ್ಟೆ ಕೊಟ್ಟು, ಕವಲುಗಳ ಚಿತ್ರವನ್ನು ಬಿಡುವುದು ಶಾಸ್ತ್ರಮರ್ಯಾದೆ.