ಮೊದಲು ಮದುವೆ, ಆಮೇಲೆ ಪ್ರೀತಿ

ಅಮೆರಿಕದ ಕ್ರೈಸ್ತ ಪುಸ್ತಕದಂಗಡಿಗಳನ್ನು ದಶಕಗಳ ಕಾಲ ಸಾಕಿದ ಐತಿಹಾಸಿಕ ಪ್ರಣಯ ಕಾದಂಬರಿಗಳ ಜನಪ್ರಿಯತೆಗೆ ಒಂದು ಸಿದ್ಧ ವಿವರಣೆ ಚಲಾವಣೆಯಲ್ಲಿದೆ. ಅವು ಮಡಿಯ ಪುಸ್ತಕಗಳಂತೆ. ಬೈಗುಳವಿಲ್ಲ, ಮುತ್ತಿನಿಂದಾಚೆಗೆ ಕಥೆ ಹೋಗುವುದಿಲ್ಲ, ಮಲಗುವ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ಹಾಗಾಗಿ ಅಜ್ಜಿ ಓದಿಟ್ಟ ಪ್ರತಿಯನ್ನೇ ಮೊಮ್ಮಗಳೂ ಕೈಗೆತ್ತಿಕೊಳ್ಳಬಹುದು. ಪ್ರಕಾಶಕರು ಇದನ್ನು ಹೇಳಿಯೇ ಮಾರುತ್ತಾರೆ, ಮೂಗು ಮುರಿಯುವವರೂ ಇದನ್ನೇ ಹಿಡಿದು ಮೂಗು ಮುರಿಯುತ್ತಾರೆ. ಎರಡೂ ಕಡೆಯವರು ಪುಸ್ತಕದ ರಟ್ಟನ್ನಷ್ಟೇ ನೋಡಿದ್ದಾರೆ ಎಂದು ನನಗನ್ನಿಸುತ್ತದೆ. ಓದುಗರಿಗೆ ಬೇಕಾದದ್ದು ಬರೀ ಮಡಿಯೇ ಆಗಿದ್ದರೆ ಜಾರ್ಜೆಟ್ ಹೇಯರ್ ಸಾಕಿತ್ತು. 1974ರಲ್ಲಿ ತೀರಿಕೊಂಡ ಆ ಇಂಗ್ಲಿಷ್ ಲೇಖಕಿಯ ರೀಜೆನ್ಸಿ ಕಾಲದ ಕಥೆಗಳಲ್ಲಿ ಹಾಸಿಗೆಯ ಪ್ರಸ್ತಾಪವಿಲ್ಲ, ಪ್ರಾರ್ಥನೆಯೂ ಇಲ್ಲ. ಮಾತಿನ ಚುರುಕಂತೂ ಕ್ರೈಸ್ತ ಕಾದಂಬರಿಕಾರ್ತಿಯರಲ್ಲಿ ಹೆಚ್ಚಿನವರಿಗೆ ಎಟುಕುವಂಥದ್ದಲ್ಲ. ಇನ್ನೊಂದು ಕಡೆ, ಈ ಪ್ರಕಾರದ ಅತಿ ಪ್ರಸಿದ್ಧ ಕೃತಿ ಮಡಿಯ ಹತ್ತಿರವೂ ಸುಳಿಯುವುದಿಲ್ಲ. ಫ್ರಾನ್ಸಿನ್ ರಿವರ್ಸ್ ಬರೆದ 'ರಿಡೀಮಿಂಗ್ ಲವ್' ಬಾಲ್ಯದಲ್ಲೇ ವೇಶ್ಯಾಗೃಹಕ್ಕೆ ಮಾರಾಟವಾದ ಹುಡುಗಿಯ ಕಥೆ. ಅದರಲ್ಲಿರುವ ಹಿಂಸೆ, ಹೇಸಿಗೆಗಳನ್ನು ಯಾವ ಅಜ್ಜಿಯೂ ಮೊಮ್ಮಗಳಿಗೆ ನಿರಾತಂಕವಾಗಿ ಓದಿಹೇಳಲಾರಳು. 1991ರಲ್ಲಿ ಅದನ್ನು ಮೊದಲು ಹೊರತಂದದ್ದು ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನ. 1997ರಲ್ಲಿ ಮಲ್ಟ್ನೋಮಾ ಎಂಬ ಕ್ರೈಸ್ತ ಪ್ರಕಾಶನ ಪರಿಷ್ಕರಿಸಿ ಮುದ್ರಿಸಿತು. ಧರ್ಮಭೀರು ಹೆಂಗಸರೇ ಅದನ್ನು ಎತ್ತಿ ಮೆರೆಸಿದರು. ಅಂದಮೇಲೆ ಸೆಳೆತ ಬೇರೆಲ್ಲೋ ಇರಬೇಕು.

ಅದನ್ನು ಹುಡುಕಲು ಈ ಹೊಳೆಯ ಮೂಲಕ್ಕೆ ಹೋಗಬೇಕು. ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ 1947ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಕ್ರೈಸ್ತ ಪ್ರಣಯ ಕಥೆಗಳನ್ನು ಬರೆದಿದ್ದಳು ನಿಜ. ಆದರೂ ಇಂದಿನ ಐತಿಹಾಸಿಕ ಮಾದರಿಗೆ ಅಚ್ಚು ಹಾಕಿಕೊಟ್ಟದ್ದು ಕೆನಡಾದ ಜೆನೆಟ್ ಓಕ್, 1979ರಲ್ಲಿ ಬೆಥನಿ ಹೌಸ್ ಪ್ರಕಟಿಸಿದ 'ಲವ್ ಕಮ್ಸ್ ಸಾಫ್ಟ್ಲಿ' ಎಂಬ ತೆಳು ಪುಸ್ತಕದಲ್ಲಿ. ಕಥೆಯ ಎಳೆ ಎರಡು ಸಾಲಿನದು. ಹೊಸ ನೆಲ ಹುಡುಕಿ ಪಶ್ಚಿಮದ ಹುಲ್ಲುಗಾವಲಿಗೆ ಬಂದ ಮಾರ್ಟಿ ಎಂಬ ಎಳೆಯ ಹೆಂಗಸಿನ ಗಂಡ ಸಾಯುತ್ತಾನೆ. ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಕಾಸಿಲ್ಲ, ಚಳಿಗಾಲ ಹತ್ತಿರ. ಗಂಡನನ್ನು ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಡೇವಿಸ್ ಎಂಬ ಅಪರಿಚಿತ ವಿಧುರ ಬಂದು ಮದುವೆಯ ಮಾತೆತ್ತುತ್ತಾನೆ. ಅವನಿಗೆ ಪುಟ್ಟ ಮಗಳಿದ್ದಾಳೆ, ಅವಳಿಗೊಬ್ಬ ತಾಯಿ ಬೇಕು. ಊರೂರು ಸುತ್ತುವ ಪಾದ್ರಿ ಅಂದು ಅಲ್ಲಿದ್ದಾನೆ, ಇನ್ನು ಬರುವುದು ಚಳಿಗಾಲ ಕಳೆದ ಮೇಲೆ. ವಸಂತದಲ್ಲಿ ಪೂರ್ವಕ್ಕೆ ಗಾಡಿಗಳ ಸಾಲು ಹೊರಟಾಗ ಹೋಗಬೇಕೆನ್ನಿಸಿದರೆ ಹೋಗು, ಖರ್ಚು ನಾನು ಕೊಡುತ್ತೇನೆ, ಆದರೆ ನನ್ನ ಮಗಳನ್ನೂ ಕರೆದುಕೊಂಡು ಹೋಗು ಎಂಬುದು ಅವನ ಷರತ್ತು. ಮದುವೆ ಆಗುತ್ತದೆ. ಆಮೇಲೆ ನಡೆಯುವುದೆಲ್ಲ ಅಡುಗೆಮನೆಯಲ್ಲಿ. ಮಾರ್ಟಿಗೆ ಪ್ಯಾನ್‌ಕೇಕ್ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಹೊತ್ತುಹೊತ್ತಿಗೂ ಅದನ್ನೇ ಬಡಿಸುತ್ತಾಳೆ, ಅವನು ಮಾತಾಡದೆ ತಿನ್ನುತ್ತಾನೆ. ಅವನು ಮಲಗುವುದು ಬೇರೆ ಕಡೆ. ಬೆಳಿಗ್ಗೆ ತಿಂಡಿಗೆ ಮೊದಲು ಬೈಬಲ್ ಓದಿ ಪ್ರಾರ್ಥಿಸುತ್ತಾನೆ. ಅವಳಿಗೆ ಅದು ಅಪರಿಚಿತ ಭಾಷೆ. ನೆರೆಮನೆಯ ಗ್ರಹಾಮ್ ಅಮ್ಮ ತನ್ನ ಕಥೆ ಹೇಳುತ್ತಾಳೆ: ತಾನೂ ಹೀಗೇ ಮಕ್ಕಳಿಗಾಗಿ ಎರಡನೇ ಮದುವೆಯಾದವಳು, ಒಲವು ಆಮೇಲೆ, ತಿಳಿಯದ ಹಾಗೆ ಬಂತು. ಇನ್ನೂರು ಚಿಲ್ಲರೆ ಪುಟಗಳಲ್ಲಿ ಖಳನಾಯಕನಿಲ್ಲ, ತ್ರಿಕೋನವಿಲ್ಲ, ರಹಸ್ಯವಿಲ್ಲ. ಇರುವುದು ಒಂದೇ ಪ್ರಶ್ನೆ: ವಸಂತ ಬಂದಾಗ ಅವಳು ಗಾಡಿ ಹತ್ತುತ್ತಾಳೋ ಇಲ್ಲವೋ. ಇದರ ಮುಂದುವರಿಕೆಯಾಗಿ ಓಕ್ 1989ರವರೆಗೆ ಬರೆಯುತ್ತಲೇ ಹೋದಳು. ಸರಣಿ ಎಂಟು ಪುಸ್ತಕಗಳಾಯಿತು.

ಸಾಮಾನ್ಯ ಪ್ರಣಯ ಕಾದಂಬರಿ ಮದುವೆಯ ಹೊಸ್ತಿಲಲ್ಲಿ ಮುಗಿಯುತ್ತದೆ. ಓಕ್ ಆ ಹೊಸ್ತಿಲಿನಿಂದ ಶುರುಮಾಡಿದಳು. ಮಾತು ಮೊದಲು ಕೊಟ್ಟು, ಆ ಮಾತಿಗೆ ತಕ್ಕ ಮನಸ್ಸನ್ನು ಆಮೇಲೆ ಬೆಳೆಸಿಕೊಳ್ಳುವುದು ಅವಳ ಕಥೆಯ ನಡೆ, ಈ ಪ್ರಕಾರದ ನಿಜವಾದ ಸೆಳೆತ ಇರುವುದೂ ಇಲ್ಲೇ. ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದ ಕನ್ನಡಿಗರಿಗೆ ತಾಳಿ ಬಿದ್ದ ಮೇಲೆ ಪ್ರೀತಿ ಹುಟ್ಟುವುದರಲ್ಲಿ ಹೊಸತೇನಿದೆ ಎನ್ನಿಸಬಹುದು. ಹೊಸತಿದೆ. ನಮ್ಮ ಕಥೆಗಳಲ್ಲಿ ಅಂಥ ಮದುವೆಯ ಹಿಂದೆ ಎರಡು ಮನೆತನಗಳು ನಿಂತಿರುತ್ತವೆ. ಹೆಣ್ಣು ಸೋತರೆ ದೂರಲು ಅಪ್ಪನಿದ್ದಾನೆ, ಅಳಲು ತವರಿದೆ. ಹುಲ್ಲುಗಾವಲಿನ ಮಾರ್ಟಿಗೆ ಯಾರೂ ಇಲ್ಲ. ಮಾತು ಕೊಟ್ಟವಳು ಅವಳೇ, ಉಳಿಸಿಕೊಳ್ಳಬೇಕಾದವಳೂ ಅವಳೇ. ಸಾಕ್ಷಿಗೆ ದೇವರೊಬ್ಬ, ಅವನನ್ನೋ ಅವಳು ಇನ್ನೂ ನಂಬಿಲ್ಲ.

ಕಥೆ ಹಿಂದಿನ ಕಾಲದ್ದೇ ಏಕಾಗಬೇಕು ಎಂಬುದಕ್ಕೂ ಇದೇ ಕಾರಣ. ಉದ್ದ ಲಂಗ, ಲಾಟೀನು, ಕುದುರೆಗಾಡಿಗಳ ಮೋಹವೂ ಇದೆ, ಮುಖಪುಟ ಕಲಾವಿದರ ಹೊಟ್ಟೆ ಅದರಿಂದಲೇ ತುಂಬುತ್ತದೆ. ಆದರೆ ಲೇಖಕಿಗೆ ಗತಕಾಲ ಬೇಕಾಗುವುದು ಕೊಟ್ಟ ಮಾತಿಗೆ ತೂಕ ತರಲು. ಇಂದಿನ ಮಿನಿಯಾಪೊಲಿಸ್‌ನಲ್ಲಿ ಇಬ್ಬರು ಅಪರಿಚಿತರು ಮಗುವಿನ ಆರೈಕೆಗೆಂದು ಮದುವೆಯಾದರೆ ಅದು ಮೂರ್ಖತನ, ಇಲ್ಲವೇ ಹಾಸ್ಯ. ಹತ್ತೊಂಬತ್ತನೇ ಶತಮಾನದ ಗಡಿಸೀಮೆಯಲ್ಲಿ ಅದು ಲೆಕ್ಕಾಚಾರದ ಬದುಕು. 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ನೆಲ ಕೊಡುತ್ತಿತ್ತು, ಐದು ವರ್ಷ ಅಲ್ಲೇ ವಾಸವಿದ್ದು ಉಳಬೇಕಿತ್ತು. ವಿಧವೆಯೂ ಅವಿವಾಹಿತೆಯೂ ತಮ್ಮ ಹೆಸರಲ್ಲಿ ಅರ್ಜಿ ಹಾಕಬಹುದಿತ್ತು, ಗಂಡನ ಜೊತೆಗಿರುವವಳಿಗೆ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ. ಹೀಗೆ ಮದುವೆಯ ಒಂದು ಒಪ್ಪಿಗೆಯಲ್ಲಿ ನೆಲ, ಚಳಿಗಾಲದ ಸೌದೆ, ಹೆರಿಗೆ ಎಲ್ಲವೂ ಸೇರಿಕೊಂಡಿರುತ್ತಿದ್ದವು. ಇನ್ನೂ ಹಿಂದಕ್ಕೆ ಹೋದರೆ ಹದಿನೇಳನೇ ಶತಮಾನದ ವರ್ಜೀನಿಯಾ ಸಿಗುತ್ತದೆ. ಅಲ್ಲಿಗೆ ಹಡಗಿನಲ್ಲಿ ಬಂದ ಹೆಣ್ಣುಗಳ ಪ್ರಯಾಣದ ಖರ್ಚನ್ನು ವರನಾದವನು ನೂರಕ್ಕೂ ಹೆಚ್ಚು ಪೌಂಡ್ ತಂಬಾಕು ತೆತ್ತು ತೀರಿಸಬೇಕಿತ್ತು. ಡೀಆನ್ ಗಿಸ್ಟ್ 2005ರಲ್ಲಿ ಬರೆದ 'ಎ ಬ್ರೈಡ್ ಮೋಸ್ಟ್ ಬಿಗ್ರಜಿಂಗ್' ನಿಂತಿರುವುದು ಇದರ ಮೇಲೆ. ಕ್ಯಾಥರೀನ್ ಮಾರ್ಷಲ್ 1967ರಲ್ಲಿ ಬರೆದ 'ಕ್ರಿಸ್ಟಿ' ಇವೆಲ್ಲಕ್ಕಿಂತ ದೊಡ್ಡ ಕಾದಂಬರಿ. 1912ರಲ್ಲಿ ಟೆನೆಸ್ಸಿಯ ಬೆಟ್ಟಸೀಮೆಯ ಮಿಷನ್ ಶಾಲೆಗೆ ಹೋಗುವ ಹತ್ತೊಂಬತ್ತರ ಹುಡುಗಿಯ ಮೂಲಕ, ಬಡತನ ಮತ್ತು ಟೈಫಾಯಿಡ್ ಎದುರು ಸದುದ್ದೇಶ ಎಷ್ಟು ಬೇಗ ಸವೆಯುತ್ತದೆಂದು ಅದು ತೋರಿಸುತ್ತದೆ. ಅವಳು ಜ್ವರದಲ್ಲಿ ಮಲಗಿರುವಾಗ ದೇವರಿಗೆ ಬೆನ್ನು ಹಾಕಿದ್ದ ವೈದ್ಯ ಮಂಡಿಯೂರಬೇಕಾಗುವುದು ಆಗಿನ ಔಷಧ ಅಲ್ಲಿಗೇ ಮುಗಿಯುತ್ತಿದ್ದುದರಿಂದ. ಆ್ಯಂಟಿಬಯೋಟಿಕ್ ಬಂದ ಕಾಲಕ್ಕೆ ಕಥೆಯನ್ನು ಎಳೆದು ತಂದರೆ ಆ ದೃಶ್ಯವೇ ಉಳಿಯುವುದಿಲ್ಲ.

ಮೂರನೆಯ ಪಾತ್ರವಾಗಿ ದೇವರು ಬಂದಾಗ ಪ್ರಣಯದ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ನೋಡಲು ರಿವರ್ಸ್‌ಳ 'ಎ ವಾಯ್ಸ್ ಇನ್ ದ ವಿಂಡ್' ಒಳ್ಳೆಯ ಉದಾಹರಣೆ. 1993ರ ಈ ಕಾದಂಬರಿ ಕ್ರಿ.ಶ. 70ರಲ್ಲಿ ಯೆರೂಸಲೇಮ್ ನಾಶವಾದ ಬಳಿಕ ಗುಲಾಮಳಾಗಿ ರೋಮ್ ಸೇರುವ ಹದಸ್ಸಾಳ ಕಥೆ. ಒಡೆಯನ ಮಗ ಮಾರ್ಕಸ್ ಅವಳನ್ನು ಮದುವೆಯಾಗಲು ಸಿದ್ಧ. ಅವಳಿಗೂ ಅವನ ಮೇಲೆ ಪ್ರೀತಿಯಿದೆ. ಒಪ್ಪಿದರೆ ಗುಲಾಮಗಿರಿಯಿಂದ ಬಿಡುಗಡೆ. ಅವಳು ಒಲ್ಲೆ ಎನ್ನುತ್ತಾಳೆ, ತನ್ನ ನಂಬಿಕೆಯನ್ನು ಹಂಚಿಕೊಳ್ಳದವನೊಡನೆ ಬಾಳಲಾರೆ ಎಂದು. ಜಾತಿ, ಹಣ, ಹಿರಿಯರ ಹಟ, ತಪ್ಪು ತಿಳಿವಳಿಕೆ, ಹೀಗೆ ಪ್ರಣಯ ಕಥೆಗಳ ಮಾಮೂಲಿ ಅಡ್ಡಿಗಳೆಲ್ಲ ಹೊರಗಿನವು; ಲೇಖಕಿ ಮನಸ್ಸು ಮಾಡಿದರೆ ಒಂದು ಅಧ್ಯಾಯದಲ್ಲಿ ಸರಿಸಬಹುದು. ಹದಸ್ಸಾಳ ಅಡ್ಡಿ ಅವಳ ಒಳಗಿದೆ. ಅದನ್ನು ಸರಿಸಿದರೆ ಅವಳು ಅವಳಾಗಿ ಉಳಿಯುವುದಿಲ್ಲ. ಆ ನಂಬಿಕೆ ನಮ್ಮದಲ್ಲದಿದ್ದರೂ ಈ ಬಿಗಿ ಮುಟ್ಟುತ್ತದೆ. ಆಂತರ್ಯದ ಅಡ್ಡಿಯನ್ನು ನಿಭಾಯಿಸಲು ಇಂದಿನ ಜನಪ್ರಿಯ ಕಾದಂಬರಿಗೆ ಸಿಕ್ಕಿರುವ ಏಕೈಕ ಸಾಧನ ಹಳೆಯ ಮನೋಗಾಯ. ಅದನ್ನು ಉಜ್ಜಿ ಉಜ್ಜಿ ತೆಳುವಾಗಿಸಿಬಿಟ್ಟಿದ್ದಾರೆ.

ಕೊನೆ ಮೊದಲೇ ಗೊತ್ತು, ನಡುನಡುವೆ ಪ್ರವಚನ ಬೇರೆ ಎಂಬ ದೂರನ್ನು ನಾನು ಹೆಚ್ಚು ಹೊತ್ತು ಚರ್ಚಿಸುವುದಿಲ್ಲ. ಕೊನೆ ಗೊತ್ತಿರುವುದು ದೋಷವಾದರೆ ರಾಮಾಯಣವನ್ನು ಎರಡನೇ ಸಲ ಯಾರೂ ಕೇಳಬಾರದು. ಪ್ರವಚನದ ದೂರು ಮಾತ್ರ ನಿಜ. ಈ ಪ್ರಕಾರದ ದೊಡ್ಡ ಪಾಲು ಕೆಟ್ಟದಾಗಿದೆ, ಕೆಡುವುದು ಯಾವಾಗಲೂ ಒಂದೇ ಬಗೆಯಲ್ಲಿ. ದೇವರು ಮದುವೆ ದಲ್ಲಾಳಿಯಾಗಿ ಇಳಿಯುತ್ತಾನೆ; ನಾಯಕಿ ಪ್ರಾರ್ಥಿಸಿ ಕಣ್ಣು ತೆರೆದರೆ ಎದುರಿಗೆ ಅಗಲ ಭುಜದ ರೈತ. ಅಂಥ ಪುಸ್ತಕದಲ್ಲಿ ಮಾತಿಗೆ ಬೆಲೆ ತೆರಬೇಕಾದ ಪ್ರಸಂಗವೇ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಹಗುರವಲ್ಲ. ಮಾತು ಮೊದಲು, ಮನಸ್ಸು ಆಮೇಲೆ ಎನ್ನುವ ಕಥೆ ಹೆಣ್ಣಿಗೆ ಕಲಿಸುವುದೇನು? ಇದ್ದಲ್ಲೇ ಇರು, ತಾಳಿಕೋ, ಪ್ರೀತಿ ತಾನಾಗಿ ಬಂದೀತು ಎಂದೇ? 'ರಿಡೀಮಿಂಗ್ ಲವ್' ಇದಕ್ಕೆ ಸರಿಯಾದ ಪರೀಕ್ಷೆ. ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಹೋಶೇಯ ದೇವರ ಅಪ್ಪಣೆಯಂತೆ ಗೋಮೆರ್ ಎಂಬವಳನ್ನು ಮದುವೆಯಾಗುತ್ತಾನೆ, ದೂರ ಸರಿದವಳನ್ನು ಬೆಳ್ಳಿಯೂ ಜವೆಗೋದಿಯೂ ತೆತ್ತು ಮರಳಿ ತರುತ್ತಾನೆ. ರಿವರ್ಸ್ ಅದನ್ನು 1850ರ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ನಡುವೆ ತಂದಿಟ್ಟಳು. ರೈತ ಮೈಕೆಲ್ ಹೊಸೇಯ ವೇಶ್ಯಾಗೃಹದ ಆ ಹುಡುಗಿ ಏಂಜಲ್‌ಳನ್ನು ಮದುವೆಯಾಗುವುದು ಅವಳು ಹೊಡೆತ ತಿಂದು ಅರೆಪ್ರಜ್ಞೆಯಲ್ಲಿ ಬಿದ್ದಿರುವಾಗ. ಅದನ್ನು ಒಪ್ಪಿಗೆ ಎನ್ನಬಹುದೇ? ನನ್ನ ಪ್ರಕಾರ ಇಲ್ಲ. ಭಕ್ತ ಓದುಗರು ಆ ಅಧ್ಯಾಯವನ್ನು ಎಷ್ಟೇ ಮೃದುವಾಗಿ ಓದಿದರೂ ಅದು ಚುಚ್ಚುತ್ತದೆ. ಆದರೆ ಕಾದಂಬರಿಗೂ ಅದು ಗೊತ್ತಿದೆ ಎನ್ನಲು ಆಧಾರವಿದೆ. ಏಂಜಲ್ ಮತ್ತೆ ಮತ್ತೆ ಓಡಿಹೋಗುತ್ತಾಳೆ, ಅವನು ಹುಡುಕಿ ಕರೆತರುತ್ತಾನೆ. ಕೊನೆಯ ಸಲ ಅವನು ಹುಡುಕಿ ಹೋಗುವುದಿಲ್ಲ. ಅವಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದುಡಿದು ಬದುಕುತ್ತಾಳೆ, ತನ್ನಂಥ ಹೆಣ್ಣುಗಳಿಗೆ ಆಸರೆಯ ಮನೆ ನಡೆಸುತ್ತಾಳೆ. ವರ್ಷಗಳ ಮೇಲೆ ವಾಪಸು ಬರುವುದು ತಾನೇ ನಿರ್ಧರಿಸಿ. ಮೊದಲ ದಿನ ಪ್ರಜ್ಞೆಯಿಲ್ಲದೆ ಆಡಿದ ಮಾತನ್ನು ಪೂರ್ಣ ಎಚ್ಚರದಲ್ಲಿ ಇನ್ನೊಮ್ಮೆ ಆಡುವವರೆಗೂ ಕಥೆ ಮುಗಿಯಲಾರದು. ಮಾರ್ಟಿಯ ಕಥೆಯಲ್ಲೂ ಅಷ್ಟೇ: ಗಾಡಿಗಳ ಸಾಲು ನಿಜವಾಗಿ ಬರುತ್ತದೆ, ಖರ್ಚು ಕೊಡಲು ಅವನು ನಿಜವಾಗಿ ಸಿದ್ಧನಿದ್ದಾನೆ. ಹೊರಹೋಗುವ ಬಾಗಿಲು ತೆರೆದಿಲ್ಲದಿದ್ದರೆ ಈ ಪ್ರಕಾರ ಬರೀ ತಾಳ್ಮೆಯ ಪಾಠವಾಗುತ್ತದೆ. ಅಂಥವೂ ಬೇಕಾದಷ್ಟಿವೆ, ಅವುಗಳ ಪರ ವಾದಿಸಲು ನನಗೆ ಮನಸ್ಸಿಲ್ಲ. ಲಿನ್ ನೀಲ್ ಎಂಬ ವಿದ್ವಾಂಸೆ ಇಂಥ ಕಾದಂಬರಿ ಓದುವ ಹೆಂಗಸರನ್ನು ಮಾತಾಡಿಸಿ 2006ರಲ್ಲಿ 'ರೊಮ್ಯಾನ್ಸಿಂಗ್ ಗಾಡ್' ಎಂಬ ಪುಸ್ತಕ ಬರೆದಳು. ಆ ಓದುಗರು ಕಾದಂಬರಿಯನ್ನು ತಮ್ಮ ನಂಬಿಕೆಗೆ ಒತ್ತಾಸೆಯಾಗಿ ಬಳಸುವವರು. ಗಂಡನೆದುರು ತಗ್ಗುವುದನ್ನು ಕಲಿಯಲು ಕುಳಿತವರೆಂದು ಅವರನ್ನು ತಳ್ಳಿಹಾಕಲಾಗದು.

ನನಗೆ ಸುಲಭವಾಗಿ ಉತ್ತರ ಸಿಗದ ಆಕ್ಷೇಪ ಚರಿತ್ರೆಯದು. ಮಾರ್ಟಿ ಮತ್ತು ಕ್ಲಾರ್ಕ್ ಉತ್ತ ನೆಲ ಮೊದಲು ಯಾರದಾಗಿತ್ತು ಎಂದು ಓಕ್ ಕೇಳುವುದಿಲ್ಲ. ಕಥೆ ನಡೆಯುವ ಸೀಮೆ ಯಾವುದೆಂದೂ ಸ್ಪಷ್ಟವಾಗಿ ಹೇಳುವುದಿಲ್ಲ. ಆ ಮಸುಕು ಅವಳಿಗೆ ಅನುಕೂಲವೇ ಆಯಿತು. ಮುಂದಿನವರು ಇನ್ನೂ ಅಪಾಯದ ಜಾಗಕ್ಕೆ ಹೋದರು. ಕೇಟ್ ಬ್ರೆಸ್ಲಿನ್ 2014ರಲ್ಲಿ ಬೈಬಲ್ಲಿನ ಎಸ್ತೇರಳ ಕಥೆಯನ್ನು ನಾಜಿ ಶಿಬಿರಕ್ಕೆ ಒಯ್ದು ಯೆಹೂದಿ ಯುವತಿಗೂ ಎಸ್‌ಎಸ್ ಅಧಿಕಾರಿಗೂ ಪ್ರೀತಿ ಹುಟ್ಟಿಸಿದಳು. ಮರುವರ್ಷ ಆ ಕಾದಂಬರಿ ಅಮೆರಿಕದ ಪ್ರಣಯ ಲೇಖಕರ ಸಂಘದ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಾಗ ಕೋಲಾಹಲವಾಯಿತು. 2021ರಲ್ಲಿ ಅದೇ ಸಂಘ ಕ್ಯಾರೆನ್ ವಿಟಮೇಯರ್‌ಳ 'ಅಟ್ ಲವ್ಸ್ ಕಮಾಂಡ್'ಗೆ ಪ್ರಶಸ್ತಿ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಅದರ ನಾಯಕ 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀಯಲ್ಲಿದ್ದ ಅಶ್ವದಳದವನು. ಹೆಂಗಸರು ಮಕ್ಕಳು ಸೇರಿ 250ಕ್ಕೂ ಹೆಚ್ಚು ಲಕೋಟಾ ಜನರನ್ನು ಸೈನ್ಯ ಕೊಂದದ್ದು ಅಲ್ಲೇ. ನಾಯಕನಿಗೆ ಪಶ್ಚಾತ್ತಾಪವಾಗುತ್ತದೆ, ಸೈನ್ಯ ಬಿಡುತ್ತಾನೆ, ಮುಂದೆ ಪ್ರೀತಿಯೂ ಸಿಗುತ್ತದೆ. ಕ್ಷಮೆಯೇ ಕ್ರೈಸ್ತ ಧರ್ಮದ ತಿರುಳು, ಪಾಪ ದೊಡ್ಡದಾದಷ್ಟೂ ಕೃಪೆ ದೊಡ್ಡದು ಎಂದು ಸಮರ್ಥಕರು ವಾದಿಸಬಹುದು. ಧರ್ಮಶಾಸ್ತ್ರದಲ್ಲಿ ಅದು ಇರಲಿ. ಕಾದಂಬರಿಯಲ್ಲಿ ಈ ವಾದ ನಿಲ್ಲುವುದಿಲ್ಲ, ಈ ಪ್ರಕಾರದ್ದೇ ಅಳತೆಗೋಲಿನಿಂದ ನಿಲ್ಲುವುದಿಲ್ಲ. ಕೊಟ್ಟ ಮಾತಿಗೆ ಎದುರಿಗೊಬ್ಬರು ಬೇಕಾಗುವಂತೆ ಬೇಡಿದ ಕ್ಷಮೆಗೂ ಎದುರಿಗೊಬ್ಬರು ಬೇಕು. ಸತ್ತ ಲಕೋಟಾಗಳ ಪರವಾಗಿ ಕ್ಷಮಿಸುವ ಅಧಿಕಾರವುಳ್ಳ ಯಾರೂ ಅಲ್ಲಿ ನಾಯಕನ ಎದುರು ನಿಂತಿಲ್ಲ.

ರಿವರ್ಸ್ ಈ ವಿಷಯದಲ್ಲಿ ಎಷ್ಟು ಎಚ್ಚರದವಳೆಂದು ತಿಳಿಯಲು ಹದಸ್ಸಾಳ ಎರಡನೇ ಪುಸ್ತಕ ಓದಬೇಕು, 1994ರ 'ಆ್ಯನ್ ಎಕೋ ಇನ್ ದ ಡಾರ್ಕ್‌ನೆಸ್'. ಮಾರ್ಕಸ್‌ನ ತಂಗಿ ಜೂಲಿಯಾ ತನ್ನ ದಾಸಿಯಾದ ಹದಸ್ಸಾಳನ್ನು ಸಿಂಹಗಳ ಎದುರಿಗೆ ಕಳಿಸಿದವಳು. ಹದಸ್ಸಾ ಸಾಯುವುದಿಲ್ಲ. ಗಾಯದ ಕಲೆಗಳಿಂದ ಗುರುತೇ ಸಿಗದ ಮುಖಕ್ಕೆ ಮುಸುಕು ಹಾಕಿಕೊಂಡು ಒಬ್ಬ ವೈದ್ಯನ ಸಹಾಯಕಿಯಾಗುತ್ತಾಳೆ. ರೋಗದಿಂದ ಕೊಳೆಯುತ್ತಿರುವ, ಎಲ್ಲರೂ ಕೈಬಿಟ್ಟ ಜೂಲಿಯಾಳ ಆರೈಕೆಗೆ ಹೋಗುವವಳು ಅವಳೇ. ಜೂಲಿಯಾಗೆ ಇವಳು ಯಾರೆಂದು ತಿಳಿಯದು. ನೂರಾರು ಪುಟಗಳ ತನಕ ಓದುಗರನ್ನು ಹಿಡಿದಿಡುವುದು ಮಾರ್ಕಸ್‌ನ ಪ್ರೇಮಕ್ಕಿಂತ ಹೆಚ್ಚಾಗಿ ಈ ಇಬ್ಬರು ಹೆಂಗಸರ ಕೋಣೆ. ಭಾಷೆ ಸಾಧಾರಣ, ಸಂಭಾಷಣೆ ಕೆಲವೆಡೆ ಪೀಠದಿಂದ ಆಡಿದಂತಿದೆ, ರೋಮ್ ಕೂಡ ಅಲ್ಲಲ್ಲಿ ಸಿನಿಮಾ ರೋಮ್. ಆದರೂ ಕ್ಷಮೆ ಕೇಳಬೇಕಾದವಳೂ ಕೊಡಬೇಕಾದವಳೂ ಒಂದೇ ಹಾಸಿಗೆಯ ಎರಡು ಬದಿಗಿದ್ದಾರೆ. ಕ್ಷಮಿಸುವ ಹಕ್ಕಿರುವವಳಿಗೆ ಕ್ಷಮಿಸದಿರುವ ಅವಕಾಶವೂ ಇದೆ.